ಘಾಟಿನ ಕೆಮ್ಮು ಅಂದವಳು ನಾನೇ

ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ಕೂತು ಕೆಮ್ಮದವರು ಯಾರಿದ್ದಾರೆ ಹೇಳಿ? ನಮ್ಮದು ತುಂಬು ಬಿಡಿಸುವ ಕೆಲಸ. ತುಂಬು ಅಂದರೆ ಕಾಯಿಯ ತೊಟ್ಟು. ಬೆಳಗಿನಿಂದ ಸಂಜೆಯವರೆಗೆ ರಾಶಿಯ ಮುಂದೆ ಕೂತು ಅದನ್ನು ಕಿತ್ತು ಹಾಕಬೇಕು. ಘಾಟು ಮೂಗಿಗೆ ಹೋಗುತ್ತದೆ, ಗಂಟಲಿಗೆ ಹೋಗುತ್ತದೆ. ಮನೆಗೆ ಹೋಗಿ ಸೀರೆ ಝಾಡಿಸಿದರೆ ಮನೆಮಂದಿಯೆಲ್ಲ ಸೀನುತ್ತಾರೆ. ಹೊಸಬರು ಕೆಮ್ಮಿದರೆ ನಾವು ನಗುತ್ತೇವೆ. ಹಳಬರು ಕೆಮ್ಮಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ನಾನೂ ನೋಡಲಿಲ್ಲ. ನಾನು ಮೋಟೆಬೆನ್ನೂರಿನ ನೀಲಗಂಗವ್ವ. ನಮ್ಮ ಸ್ವಸಹಾಯ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅಂತ ನನಗೆ ಹೆಸರಿದೆ. ಈ ಸಲ ನನ್ನ ಬಾಯಿಯೇ ಒಂದು ಮನೆಯನ್ನು ಹಾಳು ಮಾಡುವುದರಲ್ಲಿತ್ತು. ಮುಚ್ಚಿಡದೆ ಹೇಳುತ್ತೇನೆ, ಕೇಳಿ.

ಕೆಲಸದಲ್ಲಿ ನನ್ನ ಪಕ್ಕ ಕೂಡುವವಳು ಗುತ್ತೆವ್ವ. ನಮ್ಮ ಓಣಿಯವಳೇ. ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಬ್ಯಾಡಗಿಗೆ ಬರುತ್ತೇವೆ, ಒಂದೇ ಬುತ್ತಿ ಬಿಚ್ಚುತ್ತೇವೆ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಒಂದು ವಾರ ಕೆಮ್ಮಿದಳು, ಎರಡು ವಾರ ಕೆಮ್ಮಿದಳು.

"ಯಾಕೋ ಕಡಿಮಿನ ಆಗವಲ್ದು ನೀಲಕ್ಕ," ಅಂದಳು.

"ಅಯ್ಯ, ಘಾಟಿನ ಕೆಮ್ಮು ಅದು. ನನಗ ಬರಂಗಿಲ್ಲೇನು? ಒಂದ್ ಚೂರು ಬೆಲ್ಲ ಬಾಯಾಗ ಇಟ್ಕೊ, ಹೋಗ್ತೈತಿ," ಅಂದೆ ನಾನು. ದೊಡ್ಡ ಡಾಕ್ಟರರ ಹಾಗೆ ಹೇಳಿದೆ.

ಆಮೇಲೆ ಅವಳ ಕುಬಸ ಸಡಿಲಾಯಿತು. ಕೆಲಸ ಜಾಸ್ತಿ ಅಂದೆ. ಸಂಜೆಯಾದರೆ ಮೈ ಬಿಸಿ. ಬಿಸಿಲು ಅಂದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಹಾಳು ಬಾಯಿ!

ಅವಳ ಮಗಳು ಶಿಲ್ಪಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗಳನ್ನು ಕೊಟ್ಟದ್ದು ಗುತ್ತಲಕ್ಕೆ. ಎರಡು ತಿಂಗಳ ಗಂಡು ಕೂಸು, ಮುದ್ದಾದದ್ದು. ದಿನಾ ಬೆಳಿಗ್ಗೆ ಗುತ್ತೆವ್ವ ಕಾಲು ಚಾಚಿ, ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಮಲಗಿಸಿಕೊಳ್ಳುವುದೂ ತನ್ನ ಮಗ್ಗುಲಲ್ಲೇ.

ಯುಗಾದಿಗೆ ಇನ್ನೇನು ಹತ್ತು ದಿನವಿದೆ ಅನ್ನುವಾಗ, ಆಶಾ ಕಾರ್ಯಕರ್ತೆ ರೋಹಿಣಿ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಳಕ್ಕೆ ಬಂದಳು. ಇವಳ ಭಾಷಣ ಶುರುವಾಯಿತು, ನಾವು ರೊಟ್ಟಿ ತಿನ್ನೋಣ ಅಂದುಕೊಂಡೆವು.

"ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಯಾರಿಗೈತ್ರಿ?" ಅಂತ ಕೇಳಿದಳು.

ಎಲ್ಲರೂ ರೊಟ್ಟಿ ಮುರಿಯುತ್ತ ಕೂತರು. ನಾನು ಗುತ್ತೆವ್ವನ ಕಡೆ ನೋಡಿದೆ. ಅವಳು ನನ್ನ ತೊಡೆ ಚಿವುಟಿದಳು.

ರೋಹಿಣಿ ನೆಲದ ಮೇಲೆ ನಮ್ಮ ಜೊತೆಗೇ ಕೂತಳು. "ಹೋಗ್ಲಿ, ಈಗಿಂದು ಹೇಳಬ್ಯಾಡ್ರಿ. ಹಿಂದ ಯಾರಿಗಾದ್ರೂ ಟಿ.ಬಿ. ಬಂದು ಹೋಗಿದ್ರ ಹೇಳ್ರಿ. ನಾ ಹೇಳಿದ್ರ ಅದು ಬರೇ ಪಾಠ ಆಕ್ಕೈತಿ. ಉಂಡವರು ಹೇಳಿದ್ರ ಅದು ಖರೇ."

ಆಮೇಲೆ ಮೆಹಬೂಬಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ಬ್ಯಾಡಗಿಯವಳೇ, ಹನ್ನೆರಡು ವರ್ಷದಿಂದ ನಮ್ಮ ಜೊತೆ ತುಂಬು ಬಿಡಿಸುತ್ತಾಳೆ.

"ನನಗ ಬಂದಿತ್ತು," ಅಂದಳು.

ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಹನ್ನೆರಡು ವರ್ಷ ಒಟ್ಟಿಗೆ ಕೂತಿದ್ದೇವೆ, ಒಂದು ಮಾತೂ ಗೊತ್ತಿರಲಿಲ್ಲ.

"ಲಗ್ನಾಗಿ ಎರಡನೇ ವರ್ಷಕ್ಕ. ಮೂರು ತಿಂಗಳು ಮುಚ್ಚಿಟ್ಟೆ. ಹೇಳಿದ ಮ್ಯಾಲೆ ನಮ್ಮತ್ತಿ ನನ್ನ ತಾಟು ಬ್ಯಾರೆ ಮಾಡಿದ್ಲು, ಒಲಿ ಮುಂದ ಕುಂದ್ರಾಕ ಬಿಡ್ಲಿಲ್ಲ. ದಿನಾ ಅಳ್ತಿದ್ದೆ. ಆದ್ರ ಗುಳಿಗಿ ಬಿಡ್ಲಿಲ್ಲ ನೋಡ್ರಿ. ಆರು ತಿಂಗಳು, ಒಂದಿನಾನೂ ತಪ್ಪಸಲಿಲ್ಲ. ಪೂರಾ ಹೋತು. ಆಮ್ಯಾಲ ಎರಡು ಮಕ್ಕಳು ಹಡದೇನಿ. ಈಗ ನಮ್ಮತ್ತಿ ನನ್ನ ತಾಟಿನಾಗ ಉಣ್ತಾಳ."

ಒಂದಿಬ್ಬರು ನಕ್ಕರು. ಚೀಲ ಹೊರುವ ಫಕ್ಕೀರೇಶ ಮಾತ್ರ ನಗಲಿಲ್ಲ. ರಾಣೆಬೆನ್ನೂರಿನಿಂದ ಬಂದು ಹಮಾಲಿ ಮಾಡುವವನು. ಗೋಡೆಗೆ ಒರಗಿ ನಿಂತಿದ್ದವನು ಅಲ್ಲಿಂದಲೇ ಮಾತಾಡಿದ.

"ಅಕ್ಕಾರ ಚಲೋ ಮಾಡ್ಯಾರ. ನಾ ಹಂಗ ಮಾಡ್ಲಿಲ್ಲ. ಎರಡು ತಿಂಗಳು ಗುಳಿಗಿ ತಿಂದೆ. ಕೆಮ್ಮು ನಿಂತಿತು. ಒಂದಕ್ಕ ಹೋದ್ರ ಕೆಂಪಗ ಬರ್ತಿತ್ತು, ಅದನ್ನ ನೋಡಿ ಹೆದರಿದೆ. ಆರಾಮ ಆಗೇತಲ್ಲ, ಇನ್ನ ಯಾಕ ಅಂತ ಬಿಟ್ಟುಬಿಟ್ಟೆ."

"ಅದು ಗುಳಿಗಿ ಬಣ್ಣ ಅಷ್ಟ. ಹೆದರೂ ಅಂಥಾದ್ದೇನಿಲ್ಲ," ಅಂದಳು ರೋಹಿಣಿ.

"ಈಗ ಗೊತ್ತಾತ್ರಿ. ಆಗ ಯಾರನ್ನೂ ಕೇಳ್ಲಿಲ್ಲ. ಎಂಟು ತಿಂಗಳಿಗೆ ತಿರುಗಿ ಬಂತು, ಮೊದಲಿನ ಗುಳಿಗಿಗೆ ಬಗ್ಗಲಿಲ್ಲ. ಬ್ಯಾರೆ ಔಷಧ ಕೊಟ್ರು, ಬಾಳ ದಿನ ತಿಂದೆ, ಬಾಳ ತ್ರಾಸು ತಿಂದೆ." ಅವನು ತಲೆ ಕೆಳಗೆ ಹಾಕಿದ. "ಅದೂ ಹೋಗ್ಲಿ. ನನ್ನಿಂದ ನನ್ನ ಹೇಣ್ತಿಗೆ ಬಂತು. ಒಂದ ಮನಿ, ಒಂದ ಕೋಲಿ. ಎಲ್ಲಿ ಹೋಗ್ತಾಳ ಆಕಿ?"

ಗುತ್ತೆವ್ವ ತಟ್ಟನೆ ಎದ್ದು ಚೀಲಗಳ ಹಿಂದೆ ಹೋದಳು. ಕೆಮ್ಮು ಕೇಳಿಸಿತು. ನಾನು ಹಿಂದೆಯೇ ಹೋದೆ. ನೆಲಕ್ಕೆ ಉಗಿದು ಕಾಲಿನಿಂದ ಮಣ್ಣು ಎಳೆಯುತ್ತಿದ್ದಳು. ಮಣ್ಣು ಮುಚ್ಚುವುದರೊಳಗೆ ನಾನು ನೋಡಿಬಿಟ್ಟೆ. ಕೆಂಪಗಿತ್ತು.

"ಮೆಣಸಿನಕಾಯಿ ಬಣ್ಣ ಅದು," ಅಂದಳು.

ನಾನು ಅವಳ ರಟ್ಟೆ ಹಿಡಿದೆ. "ಎಷ್ಟು ದಿನಾ ಆತು ಗುತ್ತಿ?"

"ಎಂಟು ದಿನಾ." ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಯಾರಿಗೂ ಹೇಳಬ್ಯಾಡ. ಬೀಗರಿಗೆ ಗೊತ್ತಾದ್ರ ಕೂಸಿನ್ನ ಎತ್ತಿಕೊಂಡು ಹೋಗ್ತಾರ. ಮತ್ತ ಜನ್ಮದಾಗ ನನ್ನ ಮಗಳ್ನ ತವರಿಗೆ ಕಳಸಂಗಿಲ್ಲ. ನನ್ನಾಣಿ ಐತಿ ನಿನಗ."

ನಾನು ಸುಮ್ಮನಾದೆ. ಹೌದು, ಇಷ್ಟು ಮಾತಾಡುವ ನಾನು ಎರಡು ದಿನ ಬಾಯಿ ಹೊಲಿದುಕೊಂಡು ಕೂತೆ. ಊಟ ಸೇರಲಿಲ್ಲ. ಫಕ್ಕೀರೇಶನ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಒಂದೇ ಮನೆ, ಒಂದೇ ಕೋಣೆ.

ಮೂರನೆಯ ದಿನ ಬೆಳಿಗ್ಗೆ ಅವಳ ಮನೆ ಮುಂದೆ ಹಾಯುವಾಗ ಒಳಗೆ ಕೂಸು ಕೆಮ್ಮಿತು. ಸಣ್ಣ ಕೆಮ್ಮು, ಎರಡೇ ಸಲ. ಆಣೆ ಹಾಳಾಗಲಿ ಅಂತ ಅಲ್ಲಿಂದಲೇ ರೋಹಿಣಿಗೆ ಫೋನ್ ಮಾಡಿದೆ. ಮೆಹಬೂಬಿಗೂ ಬಾ ಅಂದೆ. ಅರ್ಧ ತಾಸಿನಲ್ಲಿ ಮೂವರೂ ಗುತ್ತೆವ್ವನ ಬಾಗಿಲಲ್ಲಿದ್ದೆವು.

ಅವಳು ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಕೂಸು ಕಾಲ ಮೇಲಿತ್ತು. ನನ್ನನ್ನು ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಹೇಳಿಬಿಟ್ಯಾ? ನಿನ್ನ ನಾಲಿಗಿ ಬಿದ್ದು ಹೋಗ್ಲಿ!"

"ಹೋಗ್ಲಿ ಬಿಡು. ನೀ ಉಳಿ, ಕೂಸು ಉಳೀಲಿ," ಅಂದೆ. ನನಗೆ ಅಳು ಬಂದಿತ್ತು.

"ಏನಾತು ಯವ್ವಾ?" ಅಂತ ಶಿಲ್ಪಾ ಓಡಿ ಬಂದಳು.

ರೋಹಿಣಿ ನಿಧಾನವಾಗಿ ಹೇಳಿದಳು: "ಅವ್ವಾರ, ಇದು ಟಿ.ಬಿ. ಅಂತ ನಾನೂ ಹೇಳಾಂಗಿಲ್ಲ. ಕಫ ನೋಡಿದ್ರ ಗೊತ್ತಾಗೋದು. ಇಲ್ಲಂದ್ರ ಚಿಂತಿ ಹೋತು. ಐತಿ ಅಂದ್ರ ಸರ್ಕಾರಿ ದವಾಖಾನ್ಯಾಗ ಗುಳಿಗಿ ಪುಕ್ಕಟ ಸಿಗ್ತಾವ."

"ಬೀಗರಿಗೆ ಏನ್ ಹೇಳ್ಲಿ? ಕ್ಷಯದ ಮನಿಯಾಗಿನ ಹೆಣ್ಣು ತಂದೇವಿ ಅಂತಾರ!"

ಮೆಹಬೂಬಿ ಬಚ್ಚಲ ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಅನ್ಲಿ ಗುತ್ತಕ್ಕ. ನನಗೂ ಅಂದಾರ. ಮೊನ್ನೆ ಮಂದಿ ಮುಂದ ಒಂದು ಮಾತು ಹೇಳ್ಲಿಲ್ಲ ನಾ. ಆ ಮೂರು ತಿಂಗಳು ಮುಚ್ಚಿಟ್ಟೆ ಅಂದೆನಲ್ಲ, ಆಗ ನನ್ನ ನಾದನಿ ಮಗಳು ನನ್ನ ಹಂತ್ಯಾಕ ಮಲಗ್ತಿತ್ತು. ನಾಕು ವರ್ಷದ ಕೂಸು. ಅದಕ್ಕೂ ಬಂತು. ಈಗ ಆಕಿ ಅರಾಮ ಅದಾಳ, ಕಾಲೇಜಿಗೆ ಹೋಗ್ತಾಳ. ಆದ್ರ ಆಕಿ ಸೂಜಿ ಚುಚ್ಚಿಸಿಕೊಂಡು ಅತ್ತದ್ದು ಇನ್ನೂ ನನ್ನ ಕಿವ್ಯಾಗ ಐತಿ."

ಗುತ್ತೆವ್ವ ಕಾಲ ಮೇಲಿದ್ದ ಕೂಸನ್ನೇ ನೋಡಿದಳು. ಅದು ಕೈಕಾಲು ಬಡಿದು ನಗುತ್ತಿತ್ತು. ಅವಳು ಮುಖ ಅತ್ತ ತಿರುಗಿಸಿ, ಸೆರಗು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಮಗಳನ್ನು ಕರೆದಳು.

"ಎತ್ತಿಕೋ ಇವನ್ನ. ಲಗೂನ ಎತ್ತಿಕೋ ನನ್ನ ಕಡಿಂದ."

ಮರುದಿನ ನಸುಕಿನಲ್ಲಿ ರೋಹಿಣಿ ಕೊಟ್ಟ ಡಬ್ಬಿಯಲ್ಲಿ ಗುತ್ತೆವ್ವ ಕಫ ಕೊಟ್ಟಳು. ಬರೀ ಉಗುಳಲ್ಲ, ಬಾಯಿ ಮುಕ್ಕಳಿಸಿ ಎದೆಯ ಆಳದಿಂದ ಕೆಮ್ಮಿ ತೆಗೆದ ಕಫ. ಸಂಜೆಗೆ ಸುದ್ದಿ ಬಂತು. ಟಿ.ಬಿ. ಇತ್ತು.

ಶಿಲ್ಪಾ ಗಂಡನಿಗೆ ಫೋನ್ ಮಾಡಿ ಅತ್ತಳು. ಅವಳ ಗಂಡ ದುರುಗೇಶ ಬೆಳಗಾಗುವುದರೊಳಗೆ ಗುತ್ತಲದಿಂದ ಬೈಕ್ ಮೇಲೆ ಬಂದ. ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತ. ಗುತ್ತೆವ್ವ ಕಟ್ಟೆಯ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು.

"ಎಷ್ಟು ದಿನಾ ಆತು ಈ ಕೆಮ್ಮು?" ಅಂತ ಕೇಳಿದ.

"ಎರಡು ತಿಂಗಳು," ಅಂದೆ ನಾನು.

"ಎರಡು ತಿಂಗಳು! ನನ್ನ ಮಗಗ ಈಗ ಎರಡು ತಿಂಗಳು. ಹುಟ್ಟಿದಾಗಿಂದ ಅದರ ಬಾಜೂಕ ಕೆಮ್ಮಿಕೋತ ಮಲಗೀರಿ. ಒಬ್ಬರಿಗೂ ತಲ್ಯಾಗ ಹೊಳೀಲಿಲ್ಲೇನು?"

"ಆಕಿ ಕೇಳಿದ್ಲಪ್ಪ," ಅಂದೆ. "ಕಡಿಮಿ ಆಗವಲ್ದು ಅಂತ ಆಕಿ ನನ್ನ ಕೇಳಿದ್ಲು. ಘಾಟು ಅಂತ ಹೇಳಿದಾಕಿ ನಾನು. ಬೈಯ್ಯೂದಿದ್ರ ನನಗ ಬೈ."

ಅವನು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನೂ ಹೆಂಡತಿಯನ್ನೂ ಹೊರಡಿಸಿದ. ಗುತ್ತೆವ್ವ ಎದ್ದು ನಿಂತಳು, ಹತ್ತಿರ ಬರಲಿಲ್ಲ. ಇವರು ತಿರುಗಿ ಬರುವುದಿಲ್ಲ ಅಂತ ಅವಳ ಕಣ್ಣೇ ಹೇಳುತ್ತಿತ್ತು. ರೋಹಿಣಿ ಜೊತೆಗೆ ಹೋದಳು, ಹಾವೇರಿಯ ಆಸ್ಪತ್ರೆಗೆ.

ಆ ದಿನ ಹೇಗೆ ಕಳೆದೆವೋ ನಮಗೇ ಗೊತ್ತು. ಗುತ್ತೆವ್ವ ಒಂದು ಗುಟುಕು ನೀರು ಕುಡಿಯಲಿಲ್ಲ. ಹೆದ್ದಾರಿಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದಳು. "ಕೂಸಿಗೆ ಏನಾದ್ರೂ ಆದ್ರ ನಾ ಇರಂಗಿಲ್ಲ ನೀಲಕ್ಕ," ಅಂತ ಒಂದೇ ಸಮನೆ ಅನ್ನುತ್ತಿದ್ದಳು.

ಹೊತ್ತು ಮುಳುಗುವಾಗ ಅವರು ಬಂದರು. ದುರುಗೇಶ, ಶಿಲ್ಪಾ, ಕೂಸು, ಮೂವರೂ ಬಂದರು. ರೋಹಿಣಿ ದೂರದಿಂದಲೇ ಕೂಗಿದಳು: "ಕೂಸಿಗೆ ಇಲ್ಲ್ರೀ! ಬರೇ ನೆಗಡಿ. ಮುಂದ ಬರಬಾರದಂತ ಔಷಧ ಕೊಟ್ಟಾರ. ಶಿಲ್ಪಾಗೂ ಏನಿಲ್ಲ, ಹಾಲು ಕುಡಸಬಹುದು."

ಗುತ್ತೆವ್ವ ನೆಲಕ್ಕೆ ಕುಸಿದು ಗಳಗಳನೆ ಅತ್ತಳು. ನಾನೂ ಅತ್ತೆ.

ದುರುಗೇಶ ಈಗ ಚಪ್ಪಲಿ ಬಿಚ್ಚಿ ಕಟ್ಟೆಯ ಈ ತುದಿಗೆ ಕೂತ. "ಅತ್ತಿ, ರೋಗ ಬಂದದ್ದಕ್ಕ ಸಿಟ್ಟಿಲ್ಲ ನನಗ. ಅದು ಯಾರಿಗೂ ಬರ್ತೈತಿ. ಮುಚ್ಚಿಟ್ಟಿದ್ದಕ್ಕ ಸಿಟ್ಟು. ಡಾಕ್ಟರ್ ಹೂಂ ಅನ್ನೋತನಕ ಕೂಸಿನ್ನ ಮುಟ್ಟಬ್ಯಾಡ್ರಿ, ಬ್ಯಾರೆ ಮಲಕೋರ್ರಿ, ಕಿಟಕಿ ತಗದ ಇಡ್ರಿ. ಒಂದಿನ ಗುಳಿಗಿ ತಪ್ಪಿಸಿದ್ರ ಮಾತ್ರ ಇವರನ್ನ ಕರಕೊಂಡು ಹೋಗ್ತೀನಿ ನೋಡ್ರಿ."

"ತಪ್ಪಸಂಗಿಲ್ಲಪ್ಪ," ಅಂದಳು ಗುತ್ತೆವ್ವ. "ನನ್ನ ಕೂಸಿನಾಣಿ, ತಪ್ಪಸಂಗಿಲ್ಲ."

ಇದು ಆಗಿ ನಾಲ್ಕು ತಿಂಗಳಾಯಿತು. ಅವಳು ಒಂದು ದಿನವೂ ತಪ್ಪಿಸಿಲ್ಲ. ಕೆಮ್ಮು ಹೋಗಿದೆ, ಮೈ ತುಂಬಿಕೊಂಡಿದೆ. ಪೌಷ್ಟಿಕ ಆಹಾರಕ್ಕೆ ಸರ್ಕಾರದ ನೆರವೂ ಬರುತ್ತಿದೆ. ಡಾಕ್ಟರ್ ಒಪ್ಪಿದ ದಿನ ಮೊಮ್ಮಗನನ್ನು ಎತ್ತಿಕೊಂಡವಳು ಸಂಜೆಯವರೆಗೆ ಕೆಳಗಿಳಿಸಲಿಲ್ಲ. ನನ್ನದೂ ಪರೀಕ್ಷೆ ಆಯಿತು, ಏನೂ ಇಲ್ಲ. ಗುತ್ತಲದ ಬೀಗಿತಿ ಮಾತ್ರ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಗುಳಿಗೆ ಮುಗಿಯಲು ಇನ್ನೂ ಎರಡು ತಿಂಗಳಿದೆ. ಅಷ್ಟರಲ್ಲಿ ಅವರೂ ತಿಳಿದಾರು.

ಈಗ ನಿಮಗೆ ಹೇಳುತ್ತೇನೆ, ಅಕ್ಕ, ತಂಗಿ, ಅಣ್ಣ. ನೀವು ಮೆಣಸಿನಕಾಯಿ ಘಾಟಿನಲ್ಲಿ ಇರಿ, ಹತ್ತಿಯ ಧೂಳಿನಲ್ಲಿ ಇರಿ, ಗೋವಿನಜೋಳ ಒಕ್ಕುವಲ್ಲಿ ಇರಿ. ಎರಡು ವಾರ ದಾಟಿದ ಕೆಮ್ಮಿಗೆ ಧೂಳಿನ ಹೆಸರು ಇಡಬೇಡಿ. ಸಂಜೆ ಜ್ವರ, ಮೈ ಇಳಿಯುವುದು, ಕಫದಲ್ಲಿ ರಕ್ತ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಪುಕ್ಕಟೆ ಮಾಡುತ್ತಾರೆ. ಗುಳಿಗೆ ಶುರುವಾದರೆ ಡಾಕ್ಟರ್ ಸಾಕು ಅನ್ನುವವರೆಗೆ ಬಿಡಬೇಡಿ. ಬಂದು ಹೋದವರಿದ್ದರೆ ಮೆಹಬೂಬಿಯ ಹಾಗೆ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಿ, ನಿಮ್ಮ ಒಂದು ಮಾತಿನಿಂದ ಇನ್ನೊಂದು ಮನೆ ಉಳಿದೀತು.

ಪಕ್ಕದಲ್ಲಿ ಕೂತವರು ಕೆಮ್ಮಿದರೆ ತಲೆ ಎತ್ತಿ ನೋಡಿ, ಎಷ್ಟು ದಿನವಾಯಿತು ಅಂತ ಕೇಳಿ, ಕೈ ಹಿಡಿದು ಕರೆದುಕೊಂಡು ಹೋಗಿ. ಆಣೆ ಹಾಕಿದರೂ ಸುಮ್ಮನಿರಬೇಡಿ. ನಾನು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನವೂ ಕೂಸು ಅವಳ ಮಗ್ಗುಲಲ್ಲೇ ಮಲಗಿತ್ತು.