ಎರಡನೇ ಪೈಪಿನ ನೀರು

ನಾನು ನೀರು ಸೋಸುವ ಒಂದು ಯಂತ್ರ. ಹುಟ್ಟಿದ್ದು ತುಮಕೂರಿನ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಮೂರು ಬಿಳಿ ಕೊಳವೆ, ಒಂದು ಪಂಪು, ಒಳಗೆ ಸುರುಳಿ ಸುತ್ತಿದ ತೆಳುವಾದ ಪೊರೆ. ಆ ಪೊರೆಯೇ ನನ್ನ ಜೀವ. ಉಪ್ಪು, ಸುಣ್ಣ, ಮೂಳೆ ಕೆಡಿಸುವ ಫ್ಲೋರೈಡನ್ನು ಅದು ತಡೆಯುತ್ತದೆ. ಶುದ್ಧ ನೀರು ಒಂದು ಪೈಪಿನಲ್ಲಿ ಇಳಿಯುತ್ತದೆ. ತಡೆದದ್ದೆಲ್ಲ ಉಳಿದ ನೀರಿನಲ್ಲಿ ಸೇರಿ ಇನ್ನೊಂದು ಪೈಪಿನಿಂದ ಹೊರಬೀಳುತ್ತದೆ. ನೋಡಲು ಅದೂ ತಿಳಿನೀರೇ.

ನನ್ನನ್ನು ಕೊಂಡವರು ಪಾವಗಡದ ರುದ್ರಮುನಿ ಮೇಷ್ಟ್ರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವರು. ಸಮುದ್ರವನ್ನೇ ಕಾಣದ ಆ ಊರಿನಲ್ಲಿ ಗಾಜಿನ ತೊಟ್ಟಿಯೊಳಗೆ ಜೀವಂತ ಹವಳ ಸಾಕುತ್ತಿದ್ದರು. ಬೋರ್‌ವೆಲ್ ನೀರಿಗೆ ಹವಳ ಬಿಳಿಚಿ ಸಾಯುತ್ತಿತ್ತು. ನನ್ನ ನೀರಿಗೆ ಸಮುದ್ರದ ಉಪ್ಪು ಬೆರೆಸಿ ಹಾಕತೊಡಗಿದ ಮೇಲೆ ಅರಳಿ ನಿಂತಿತು. ಮನೆಯವರು ಕುಡಿಯುತ್ತಿದ್ದುದೂ ಅದೇ ನೀರು. ನಾನು ಬೀಗಿದೆ.

ನನ್ನ ಜಾಗ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕದ ಗೋಡೆ, ನೆಲದಿಂದ ಮೊಳದೆತ್ತರ. ಮುಖಗಳಿಗಿಂತ ಕಾಲುಗಳೇ ನನಗೆ ಹೆಚ್ಚು ಪರಿಚಯ.

ಮನೆಗೆಲಸದ ಅಂಜಿನಮ್ಮನಿಗೆ ಮೇಷ್ಟ್ರ ಹೆಂಡತಿ ಶಶಿಕಲಾ ಒಂದು ದಿನ ಎರಡನೇ ಪೈಪು ತೋರಿಸಿದರು. "ಇದು ಸುಮ್ನೆ ಮೋರಿಗೆ ಹೋಗ್ತೈತೆ. ಬೇಕಾದ್ರೆ ಹಿಡ್ಕೊಳ್ಳೆ." ನೆಲ ಒರೆಸಲಿಕ್ಕೆ ಎಂಬುದು ಅವರ ಮನಸ್ಸಿನಲ್ಲಿತ್ತು, ಬಾಯಿಗೆ ಬರಲಿಲ್ಲ.

ಮರುದಿನವೇ ಅಂಜಿನಮ್ಮ ಎರಡು ಕ್ಯಾನು ತಂದಳು. ನನ್ನೆದುರು ಕುಕ್ಕರುಗಾಲಿನಲ್ಲಿ ಕೂತು ತುಂಬಿಸುತ್ತ, "ಮಿಷಿನ್ ನೀರು! ಇನ್ಮೇಲೆ ಘಟಕದ ಮುಂದೆ ಸಾಲು ನಿಲ್ಲಂಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಬೀದಿಯಲ್ಲಿ ನಾಣ್ಯ ಹಾಕಿ ಶುದ್ಧ ನೀರು ಹಿಡಿಯುವ ಘಟಕವಿತ್ತು. ಆ ಒಳ್ಳೆಯ ನೀರು ಬಿಟ್ಟು ಅವಳು ನನ್ನ ಹೊಲಸು ಕುಡಿಯತೊಡಗಿದಳು.

ಒಂದು ಬೆಳಿಗ್ಗೆ ಅವಳು ಆ ಪೈಪಿಗೇ ಲೋಟ ಹಿಡಿದು ಗಟಗಟ ಕುಡಿದಳು. ಅದೇ ಹೊತ್ತಿಗೆ ಮೇಷ್ಟ್ರ ಪಾದಗಳು ಬಾಗಿಲಲ್ಲಿ ನಿಂತವು. ಈಗ ಹೇಳುತ್ತಾರೆ ಎಂದು ನಾನು ಪಂಪು ಗುಂಯ್‌ಗುಡಿಸುತ್ತಾ ಕಾದೆ. ಪಾದಗಳು ಒಳಕ್ಕೆ ತಿರುಗಿದವು. ತೊಟ್ಟಿಗೆ ಹೊಸ ಹವಳ ಬಂದ ದಿನ ಅದು.

ಎರಡನೇ ವರ್ಷ ಅಂಜಿನಮ್ಮ ಮಂಡಿಯ ಮೇಲೆ ಕೈಯೂರಿ ಕೂರುತ್ತಿದ್ದಳು. ನಾಲ್ಕನೇ ವರ್ಷ ಕೂರಲಾಗದೆ ಬಗ್ಗಿಯೇ ಕ್ಯಾನು ಹಿಡಿದಳು. ಆಮೇಲೆ ಗೋಡೆ ಹಿಡಿಯದೆ ಬಗ್ಗಲಿಕ್ಕೂ ಆಗದಾಯಿತು. ಅವಳ ಒಂದೊಂದು ನರಳಿಕೆಯೂ ನನಗೆ ಕೇಳುತ್ತಿತ್ತು. ನೀರು ಮಾತ್ರ ನಿಲ್ಲಿಸದೆ ಕೊಟ್ಟೆ.

ಒಂದು ಸಂಜೆ ಆಸ್ಪತ್ರೆಯಿಂದ ನೇರ ಮೇಷ್ಟ್ರ ಮನೆಗೆ ಬಂದಳು. "ಮೂಳೆಗೆ ನೀರಿಂದೇ ದೋಸ ಅಂದ್ರು ಡಾಕ್ಟ್ರು. ನಾನು ಕುಡಿಯೋದು ಮಿಷಿನ್ ನೀರು ಸಾಮೀ ಅಂತ ನಾನು. ಅವ್ರು ನಂಬಲೇ ಒಲ್ರು ಸಾ!" ಎಂದು ನಕ್ಕಳು.

ಮೇಷ್ಟ್ರು ನಗಲಿಲ್ಲ. "ಯಾವ ಪೈಪಿಂದು?" ಎಂದರು ಶಶಿಕಲಾ. ಅವಳು ತೋರಿಸಿದಳು. "ಅಯ್ಯೋ, ಅದು ನೆಲ ಒರೆಸೋ ನೀರು ಕಣೇ" ಎಂದರು ಶಶಿಕಲಾ.

"ನಾನು ನೋಡಿದ್ದೆ ಅಂಜಿನಮ್ಮ" ಎಂದರು ಮೇಷ್ಟ್ರು. "ನೀನು ಕುಡಿಯೋದನ್ನ ಒಂದು ದಿನ ನೋಡಿದ್ದೆ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಮರೆತುಬಿಟ್ಟೆ."

"ಗಾಜಿನ ತೊಟ್ಟಿ ನೀರು ಮರೀತಿದ್ರಾ ಸಾ?" ಎಂದಳು ಅಂಜಿನಮ್ಮ. ಕಲ್ಲಿನ ಬಳಿ ಇದ್ದ ತನ್ನ ಖಾಲಿ ಕ್ಯಾನುಗಳನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆ ಆ ಮನೆಗೆ ಬರಲಿಲ್ಲ.

ಮೇಷ್ಟ್ರು ಹವಳಗಳನ್ನು ಬೇರೆಯವರಿಗೆ ಕೊಟ್ಟು ತೊಟ್ಟಿ ಖಾಲಿ ಮಾಡಿದರು. ನನ್ನನ್ನು ಬಿಚ್ಚಿ, ಹೊಸ ಪೊರೆ ಹಾಕಿಸಿ, ತಾವೇ ಹೊತ್ತುಕೊಂಡು ಹೋಗಿ ಅವಳ ಮನೆಯ ಗೋಡೆಗೆ ಕೂರಿಸಿದರು. ಎರಡನೇ ಪೈಪಿಗೆ ಕೆಂಪು ಬಣ್ಣ ಬಳಿದರು. ಅವರು ಹೋದ ಮೇಲೆ ಅಂಜಿನಮ್ಮ ಸ್ವಿಚ್ಚು ಆರಿಸಿದಳು.

ಈಗ ನನ್ನ ತಲೆಯ ಮೇಲೆ ಬೆಂಕಿಪೊಟ್ಟಣ, ಬಾಚಣಿಗೆ ಇಡುತ್ತಾರೆ. ಕುಡಿಯುವ ನೀರನ್ನು ಅವಳ ಗಂಡ ಘಟಕದಿಂದ ತರುತ್ತಾನೆ. ಮೊನ್ನೆ ಪಕ್ಕದ ಮನೆಯಾಕೆ ಕೇಳಿದಳು: "ಮನೇಲೇ ಮಿಷಿನ್ ಐತಲ್ಲಕ್ಕ, ಕೆಟ್ಟೋಗೈತಾ?"

"ಇಲ್ಲ ಕಣೇ, ಚೆನ್ನಾಗೇ ಐತೆ" ಎಂದಳು ಅಂಜಿನಮ್ಮ, ಗೋಡೆ ಹಿಡಿದು ಮೇಲೇಳುತ್ತ.

ಬೈದಿದ್ದರೆ ನನಗಿಷ್ಟು ನಾಚಿಕೆಯಾಗುತ್ತಿರಲಿಲ್ಲ.