ಹನ್ನೊಂದು ಗ್ಯಾರಂಟಿ ಕಾರ್ಡುಗಳು

ನನ್ನ ಹೆಂಡತಿ ಸರೋಜ್ ವತಿ ಹದಿನಾರು ವರ್ಷ ಹೊಲಿಗೆಯಂತ್ರ ಮಾರಿದವಳು. ನಮ್ಮ ದ್ವೀಪದ ಲೌಟೋಕಾ ಪಟ್ಟಣದ ಅಂಗಡಿಯಿಂದ ಹೊರಟು, ‘ಬಾ’ ಮತ್ತು ತವುವಾ ಎಂಬ ಊರುಗಳ ಕಡೆಯ ಹಳ್ಳಿಗಳನ್ನೆಲ್ಲ ಬಸ್ಸಿನಲ್ಲೇ ಸುತ್ತುತ್ತಿದ್ದಳು. ಸಂಬಳ ಅಷ್ಟಕ್ಕಷ್ಟೇ. ಒಂದು ಯಂತ್ರಕ್ಕೆ ನೂರು ಡಾಲರ್ ಕಮಿಷನ್. ಅದರಲ್ಲೇ ನಮ್ಮ ಮನೆ ನಡೆದದ್ದು. ಮಾರಿ ಕೈತೊಳೆದುಕೊಳ್ಳುವ ಸ್ವಭಾವ ಅವಳದಲ್ಲ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಶಾಲೆಯ ಅಂಗಿಗೆ ಕಾಲರ್ ಕೂರಿಸುವವರೆಗೆ ಕಲಿಸಿಯೇ ಬರುವಳು.

ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟಳು. ಕೊನೆಗೆ ಮಾರಿದ ಹದಿನಾಲ್ಕು ಯಂತ್ರಗಳ ಕಮಿಷನ್ ಮಾತ್ರ ಬರಲೇ ಇಲ್ಲ. ಹಳೆಯ ಯಜಮಾನರು ತೀರಿಕೊಂಡು ಅವರ ಅಳಿಯ ವಿನೇಶ್ ಗಲ್ಲಾದ ಮೇಲೆ ಕೂತಿದ್ದ.

“ಆ ಹೆಂಗಸ್ರೆಲ್ಲ ತಾವಾಗೇ ಅಂಗಡಿಗೆ ಬಂದು ದುಡ್ಡು ಕಟ್ಟಿದ್ದು, ಆಂಟಿ. ರಸೀದಿ ಮೇಲೆ ನಿಮ್ಮ ಹೆಸರೆಲ್ಲಿದೆ?” ಅಂದ.

ಅಂದು ಅವಳು ಊಟ ಮಾಡಲಿಲ್ಲ. ನಾನು ಕೂಗಾಡಿದೆ. ಅವಳು ಮೆಲ್ಲಗೆ, “ದುಡ್ಡು ಹಾಳಾಗ್ಲಿ ರೀ. ನಾನು ಏನೂ ಮಾಡೇ ಇಲ್ಲ ಅಂತ ಅವನು ಅಂದ್ಬಿಟ್ನಲ್ಲ,” ಎಂದಳು.

ಲೇಬರ್ ಆಫೀಸಿಗೆ ಹೋಗಿ ದೂರು ಬರೆಸಿದೆವು. ಅಲ್ಲಿನ ಅಧಿಕಾರಿ ಹೆಂಗಸು, ಯಂತ್ರ ಮಾರಿದ್ದು ನೀವೇ ಅನ್ನುವುದಕ್ಕೆ ಏನಾದರೂ ಬರವಣಿಗೆ ಇದೆಯೇ ಎಂದು ಕೇಳಿದರು. ಆಗ ಸರೋಜ್‌ಗೆ ನೆನಪಾಯಿತು: ಗ್ಯಾರಂಟಿ ಕಾರ್ಡನ್ನು ಕೊಂಡವರ ಮನೆಯಲ್ಲೇ ಕೂತು ಅವಳೇ ತುಂಬಿ, ತಾರೀಖು ಹಾಕಿ, ಸಹಿ ಮಾಡಿ ಕೊಡುತ್ತಿದ್ದಳು. ಆ ಕಾರ್ಡುಗಳು ಅಂಗಡಿಯಲ್ಲಿರುವುದಿಲ್ಲ, ಆ ಹೆಂಗಸರ ಹತ್ತಿರ ಇರುತ್ತವೆ.

“ಹಾಗಾದ್ರೆ ನಡಿ, ಇಸ್ಕೊಂಡ್ ಬರೋಣ,” ಎಂದೆ.

“ಅವರ ಮನೆ ಊಟ ಉಂಡಿದೀನಿ. ಈಗ ಸಾಕ್ಷಿ ಹೇಳಿ ಅಂತ ಕೈಚಾಚ್ಲಾ?”

ಎರಡು ವಾರ ಗೋಗರೆದ ಮೇಲೆ ಹೊರಟಳು. ಆ ಹದಿನಾಲ್ಕೂ ಯಂತ್ರ ಹೋಗಿದ್ದು ತವುವಾದಾಚೆಯ ಕಡಲದಂಡೆಯ ಮೂರು ಹಳ್ಳಿಗಳಿಗೆ. ಮೊದಲ ಹಳ್ಳಿಯಲ್ಲಿ ಅವಳ ಹಳೆಯ ಗೆಳತಿ, ಯಂತ್ರ ಕೊಂಡವರಲ್ಲಿ ಒಬ್ಬಳಾದ ಲಿತಿಯಾನಾ, ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏಳು ತಿಂಗಳಾಯ್ತು ದೀದಿ! ನೀನು ಸತ್ತೇ ಹೋದೆ ಅಂದ್ಕೊಂಡು ಚರ್ಚಲ್ಲಿ ಪ್ರಾರ್ಥನೆ ಮಾಡಿಸೋಳಿದ್ದೆ.”

“ಮಾಡ್ಸು, ಮಂಡಿಗಾದ್ರೂ ಮಾಡ್ಸು,” ಎಂದು ಸರೋಜ್ ನಕ್ಕಳು.

ಅವಳನ್ನು ಚಾಪೆಯ ಮೇಲೆ ಕೂರಿಸಿ ಲಿತಿಯಾನಾ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಳು. ಮಂಡಿ ನೀವಿಸಿಕೊಳ್ಳುತ್ತ ಕೂತ ಸರೋಜ್ ತಾನು ಯಾತಕ್ಕೆ ಬಂದದ್ದೆಂದು ಬಾಯಿಬಿಡಲಿಲ್ಲ. ಕೊನೆಗೆ ನಾನೇ ಹೇಳಿದೆ. ಲಿತಿಯಾನಾ ಎಣ್ಣೆಗೈಯಲ್ಲೇ ಎದ್ದು ಬಾಗಿಲಿಗೆ ಹೋಗಿ ಇಡೀ ಊರಿಗೆ ಕೇಳುವ ಹಾಗೆ ಕೂಗಿದಳು.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳ ಕಾರ್ಡು ಬೈಬಲ್ಲಿನೊಳಗಿತ್ತು, ಇನ್ನೊಬ್ಬಳದು ಬಿಸ್ಕತ್ತಿನ ಡಬ್ಬಿಯಲ್ಲಿ. ಪಕ್ಕದ ಎರಡು ಹಳ್ಳಿಗೂ ಹೇಳಿಕಳಿಸಿದರು. ಮೀನು, ಮರಗೆಣಸು ಉಂಡು ಮುಗಿಸುವಷ್ಟರಲ್ಲಿ ಹನ್ನೊಂದು ಕಾರ್ಡು ಸೇರಿದವು. ಉಳಿದ ಮೂರು ಚಂಡಮಾರುತದಲ್ಲಿ ಮನೆಸಾಮಾನಿನ ಜೊತೆ ಹೋಗಿದ್ದವು. ಹನ್ನೊಂದರ ಮೇಲೂ ಅವಳದೇ ದುಂಡನೆಯ ಅಕ್ಷರ. ಸರೋಜ್ ಅವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಸವರುತ್ತ ಕೂತಳು.

ವಿಚಾರಣೆಯ ದಿನ ಲಿತಿಯಾನಾ ತಾನೇ ಹೊಲಿದ ಹೂವಿನ ಉಡುಪು ತೊಟ್ಟು ಬಂದಿದ್ದಳು. ವಿನೇಶ್ ಮತ್ತದೇ ಮಾತೆತ್ತಿದ: “ಇವರೇ ಅಂಗಡಿಗೆ ಬಂದ್ರು, ಮೇಡಂ.”

“ಬಂದೆ ತಮ್ಮಾ,” ಅಂದಳು ಲಿತಿಯಾನಾ. “ಬಸ್ಸಿಳಿದು ನಿನ್ನಂಗಡಿ ಯಾವ್ದು ಅಂತ ನಾಲ್ಕು ಜನಾನ ಕೇಳ್ಕೊಂಡು ಬಂದೆ. ನಂಗೆ ನಿನ್ನಂಗಡಿ ಗೊತ್ತಿರ್ಲಿಲ್ಲ. ಇವಳು ಗೊತ್ತಿದ್ಲು.”

ಅಧಿಕಾರಿ ಕಾರ್ಡುಗಳನ್ನು ಅವನ ಮುಂದೆ ಹರಡಿದರು. ವಿನೇಶ್ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದ. ಹನ್ನೊಂದರ ದುಡ್ಡು, ಎರಡು ಕಂತಿನಲ್ಲಿ, ಎಂದು ಒಪ್ಪಿ ಸಹಿ ಹಾಕಿದ. ಉಳಿದ ಮೂರಕ್ಕೂ ಜಗಳಕ್ಕೆ ಎದ್ದ ನನ್ನ ತೋಳನ್ನು ಸರೋಜ್ ಹಿಡಿದಳು. “ಸಾಕು ರೀ.”

ಬಾಗಿಲ ಬಳಿ ವಿನೇಶ್ ತಲೆ ತಗ್ಗಿಸಿಕೊಂಡು, “ಮಾವ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ, ಆಂಟಿ,” ಎಂದ.

“ಇಲ್ಲಪ್ಪ, ಆಗ್ತಿರ್ಲಿಲ್ಲ,” ಅಂದಳು ಅವಳು. ಸಿಟ್ಟಿಲ್ಲದೆ.

ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ರೊಟ್ಟಿ ಬಿಚ್ಚಿದೆವು. ದುಡ್ಡಿನ ಸುದ್ದಿ ಯಾರೂ ಎತ್ತಲಿಲ್ಲ. ತನ್ನ ಯಂತ್ರದಲ್ಲಿ ಕೆಳಗಿನ ದಾರ ಗಂಟುಗಂಟಾಗ್ತಿದೆ ಎಂದು ಲಿತಿಯಾನಾ ದೂರಿದಳು. ಸರೋಜ್ ರೊಟ್ಟಿ ಸುತ್ತಿದ್ದ ಕಾಗದ ಬಿಡಿಸಿ, ಯಾವ ತಿರುಪು ಎಷ್ಟು ಬಿಗಿಯಬೇಕೆಂದು ಚಿತ್ರ ಬರೆಯತೊಡಗಿದಳು. ಲಿತಿಯಾನಾ ಹತ್ತಬೇಕಿದ್ದ ತವುವಾ ಬಸ್ಸು ಬಂದು ನಿಂತು ಹೊರಟೂ ಹೋಯಿತು. ಬಸ್ಸು ಹೋಯಿತೆಂದು ಹೇಳಲು ಬಾಯಿ ತೆರೆದ ನಾನು, ಸರೋಜ್ ಮುಖ ನೋಡಿ ಸುಮ್ಮನಾದೆ.