ಶರಣವ್ವನ ನಿದ್ದೆ

ಒಂದಾನೊಂದು ಕಾಲದಲ್ಲಿ ರಾಜಕುಮಾರಿಯೊಬ್ಬಳಿಗೆ ನಿದ್ದೆ ಬಾರದಿದ್ದಾಗ ಏಳೂರಿಗೂ ಡಂಗುರ ಹೊಡೆಸಿದರಂತೆ. ಬೆಂಗೇರಿಯ ಶರಣವ್ವ ಅವಳಿ ಹೆತ್ತು, ನಿದ್ದೆ ಹಾರಿಹೋದಾಗ ಡಂಗುರ ಹೊಡೆಯುವವರು ಯಾರೂ ಇರಲಿಲ್ಲ. ಒಲೆಯ ಮುಂದೆ ತೂಕಡಿಸಿ, ತೊಡೆಯ ಮೇಲಿನ ಕೂಸು ಕೆಂಡದತ್ತ ಜಾರಿದ ಮೇಲಷ್ಟೇ ಸುದ್ದಿ ಹುಬ್ಬಳ್ಳಿಯ ಮಹಿಳಾ ಸಮಾಜಕ್ಕೆ ಮುಟ್ಟಿತು. ಎಳೆಮಕ್ಕಳ ತಾಯಂದಿರ ಮನೆಗೆ ಹೋಗಿ ನೆರವಾಗುವುದು ಸಮಾಜ ಹೊಸದಾಗಿ ಹಿಡಿದ ಕೆಲಸ. ಸಮಾಜದ ಕಡೆಯಿಂದ ಅರಳೆ ವ್ಯಾಪಾರಿಯ ಮಗಳು ಗೌರಕ್ಕ ಖಾದಿ ಸೀರೆಯುಟ್ಟು ಟಾಂಗಾದಲ್ಲಿ ಬಂದಿಳಿದಳು.

"ಕೂಸುಗೋಳ್ನ ನಾ ನೋಡ್ಕೋತೇನಿ. ನಿಮಗ ಒಂದು ತುಂಬು ನಿದ್ದಿ ಮಾಡಸೇ ಮಾಡಸ್ತೇನಿ," ಎಂದು ಶರಣವ್ವನಿಗೆ ಮಾತು ಕೊಟ್ಟಳು.

ಶರಣವ್ವ ಹಾಸಿಗೆ ಬಿಡಿಸುವಷ್ಟರಲ್ಲಿ ಅತ್ತೆ ಬಸಲಿಂಗವ್ವನ ದನಿ ಬಂತು: "ಏ ಶರಣವ್ವಾ, ಬಂದವರನ್ನ ಒಣಬಾಯಿಲೆ ಕೂಡಸ್ತೀಯೇನ? ಉಪ್ಪಿಟ್ಟು ಮಾಡು!"

ಮುಂದಿನ ಸಲ ಗೌರಕ್ಕ ಉಂಡೇ ಬಂದಳು. "ಉಂಡ್ರೇನಾತ್ರಿ? ಕಲೆಕ್ಟರ್ ಸಾಹೇಬ ಬಂದ್ರೂ ನಮ್ಮನ್ಯಾಗ ಹಂಗ ಹೋಗೂದಿಲ್ಲ," ಎಂದಳು ಮುದುಕಿ. ಚುರಮುರಿಗೆ ಒಗ್ಗರಣೆ ಬಿತ್ತು, ಚಹಾ ಕುದಿಯಿತು, ಕುದಿಸಿದವಳು ಶರಣವ್ವನೇ. ಅದರ ಮುಂದಿನ ಸಲ ಗೌರಕ್ಕ ಹಲ್ಲು ಕಚ್ಚಿ, "ಇವತ್ತ ನಂದು ಉಪಾಸರಿ," ಎಂದು ಸುಳ್ಳು ಹೇಳಿದಳು.

"ಅಯ್ಯ ಶಿವನ! ಹಂಗಾರ ಫಲಾರ ಆಗಬೇಕು. ಶರಣವ್ವಾ, ಶೇಂಗಾ ಹುರಿ, ಉಂಡಿ ಕಟ್ಟು!"

ಅಳುವ ಕೂಸುಗಳನ್ನು ಬಿಟ್ಟು ಶರಣವ್ವ ಶೇಂಗಾ ಕುಟ್ಟಿದಳು. ತಾನು ಬಾರದಿದ್ದರೇ ಈ ಬಡಪಾಯಿ ಒಂದು ಗಳಿಗೆ ಒರಗುತ್ತಿದ್ದಳೇನೋ! ಟಾಂಗಾದಲ್ಲಿ ಕೂತ ಗೌರಕ್ಕನಿಗೆ ಸಿಟ್ಟಿಗೆ ಅಳುವೇ ಬಂತು. ಅತ್ತು ಮುಗಿದಾಗ ಹೊಳೆಯಿತು: ತನ್ನ ಮನೆಯಲ್ಲೂ ಅಷ್ಟೇ. ಮುಂಬಾಗಿಲಿನಿಂದ ಬಂದವರಿಗೆ ಉಪಚಾರ, ಹಿತ್ತಲಿನಿಂದ ಬಂದವರಿಗೆ ಕೆಲಸ.

ಮರುದಿನ ಅವಳು ಹಿತ್ತಲಿನಿಂದ ಬಂದು, ಸೆರಗು ಬಿಗಿದು, ಕೂಸುಗಳ ಬಟ್ಟೆ ಒಗೆಯುತ್ತ ಕೂತಳು.

"ಅಯ್ಯ, ಗೌರಕ್ಕಾರ! ಹಿತ್ತಲದಾಗಿಂದ ಯಾಕ ಬಂದ್ರಿ?" ಎಂದಳು ಮುದುಕಿ.

"ಬೀಗರು ಮುಂದಿನಿಂದ ಬರ್ತಾರ, ಮಗಳು ಹಿಂದಿನಿಂದ ಬರ್ತಾಳಬೇ ಯವ್ವಾ. ಮಗಳಿಗೆ ಯಾರರೆ ಉಪ್ಪಿಟ್ಟು ಮಾಡ್ತಾರೇನು?"

ಮುದುಕಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಮಗಳಾದಿ? ಹಂಗಾರ ಒಳಗ ಬಾ, ರೊಟ್ಟಿ ಬಡಿ."

ಆಳುಕಾಳಿನ ಮನೆಯ ಹುಡುಗಿ ರೊಟ್ಟಿ ಬಡಿದವಳೇ ಅಲ್ಲ. ಹಿಟ್ಟು ಬಿರಿದು ಹಂಚಿನ ಮೇಲೆ ಚೂರುಚೂರಾಯಿತು.

"ಇದನ್ನ ಎತ್ತಿನ ಮುಂದಿಟ್ರ ಎತ್ತೂ ಮಾರಿ ತಿರುವತೈತಿ! ಏಳ, ಏಳ. ರೊಟ್ಟಿ ನಾ ಬಡೀತೇನಿ, ನೀ ಕೂಸು ಹಿಡಿ."

ಶರಣವ್ವ ಗಾಬರಿಯಿಂದ ಓಡಿಬಂದಳು. "ಅತ್ತೀ, ನೀವ್ಯಾಕ, ನಾ..."

"ಮಗಳು ಬಂದಾಳ, ನಿಂದೇನೈತಿ ಇಲ್ಲೆ? ಹೋಗ್, ಮಕ್ಕೋ!"

ಒಂದು ಕೂಸು ಗೌರಕ್ಕನ ಜಡೆ ಜಗ್ಗಿತು, ಇನ್ನೊಂದು ಖಾದಿ ಸೀರೆ ತೋಯಿಸಿತು. ಮುದುಕಿ ರೊಟ್ಟಿ ಬಡಿಯುತ್ತ ಬೈಯುತ್ತಲೇ ಇದ್ದಳು. ಒಳಗಿನ ಕೋಣೆಯಲ್ಲಿ ಶರಣವ್ವ ಬಾಯಿ ತೆರೆದು, ಗೊರಕೆ ಹೊಡೆಯುತ್ತ ಮಲಗಿದ್ದಳು.